ಗೋಡೆ ಅಲ್ಲ, ನಾನು

ನಮ್ಮ ಅತ್ತೆ ತೀರಿಕೊಂಡ ಮರುದಿನ ನಡುಮನೆಯನ್ನು ಗುಡಿಸಿ, ಒರೆಸಿ, ಮೂರು ಜಮಖಾನೆ ಹಾಸಿದವಳು ನಾನೇ. ಕೂತವರ ಮುಖ ಅತ್ತೆಯ ಮಂಚದ ಕಡೆಗೆ ಇರಲಿ ಎಂದು ಅಡ್ಡಡ್ಡಲಾಗಿ ಹಾಸಿದೆ. ಸುಕ್ಕುಗಳನ್ನು ಅಂಗೈಯಿಂದ ತೀಡಿ ಸರಿಮಾಡಿದ್ದು ಈಗಲೂ ನೆನಪಿದೆ. ನಾಲ್ಕು ಗಂಟೆಗೆ ಜನ ಕೊನೆ ಮಾತಿಗೆ ಬರುವವರಿದ್ದರು.

ನಮ್ಮೂರಿನಲ್ಲಿ ಗೋಡೆಗಳ ಒಳಗೆ ಆಡಿದ ಮಾತು ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಇನ್ನೊಂದು ಸಲ ಕೇಳುತ್ತದೆ. ಒಂದೇ ಸಲ. ಪಾತ್ರೆಯ ಸದ್ದು, ಬಾಗಿಲಿನ ಸದ್ದು ಬರುವುದಿಲ್ಲ; ಮನುಷ್ಯರ ದನಿ ಮಾತ್ರ. ಕೂಗು ಕೂಗಾಗಿ, ಪಿಸುಮಾತು ಪಿಸುಮಾತಾಗಿ. ನಾವು ಇದನ್ನು ‘ನಿನ್ನೆ’ ಎನ್ನುತ್ತೇವೆ. “ಒಂದು ನಿಮಿಷ ಇರಿ, ನಿನ್ನೆ ಬರ್ತಿದೆ” ಎಂದು ಮಾತಿನ ಮಧ್ಯೆ ಕೈ ಎತ್ತುವುದು ನಮ್ಮಲ್ಲಿ ಸಾಮಾನ್ಯ. ಜಗಳವಾಡುವವರು ಕೆರೆ ಏರಿಗೆ ಹೋಗುತ್ತಾರೆ. ಅಳುವವರು ಹಿತ್ತಿಲಿಗೆ ಹೋಗುತ್ತಾರೆ. ಶಾಲೆಯಲ್ಲಿ ಮೇಷ್ಟರು ದಿನಾ ಕೋಣೆ ಬದಲಿಸುತ್ತಾರೆ. ಹೆಣ್ಣು ನೋಡಲು ಬಂದವರು ಮರುದಿನ “ಕೊಡೆ ಮರೆತು ಹೋಗಿದ್ವಿ” ಎಂದು ಬಂದೇ ಬರುತ್ತಾರೆ, ತಾವು ಎದ್ದು ಹೋದ ಮೇಲೆ ಮನೆಯವರು ಏನಂದರೆಂದು ಕೇಳಲು. ಅದು ಗೊತ್ತಿರುವ ಮನೆಯವರು ಅವರು ಗೇಟು ದಾಟುತ್ತಿದ್ದ ಹಾಗೆ “ಎಷ್ಟು ಒಳ್ಳೆ ಜನ, ಅಲ್ವಾ?” ಎಂದು ಗಟ್ಟಿಯಾಗಿ ಹೇಳಿ, ಆಮೇಲೆ ಹಿತ್ತಿಲಿಗೆ ಹೋಗಿ ನಗುತ್ತಾರೆ.

ಸಾವಾದ ಮನೆಯಲ್ಲಿ ಮಾತ್ರ ನಿನ್ನೆಗೆ ಕಾದು ಕೂರುತ್ತಾರೆ. ಹೋದವರ ದನಿ ಕೊನೆಯ ಸಲ ಬರುವುದು ಆಗಲೇ.

ಅವತ್ತು ಮೂವತ್ತು ಜನವಾದರೂ ಬಂದಿದ್ದರು. ನನ್ನ ಗಂಡ ಸದಾನಂದ ಮಂಚದ ಕಾಲಿಗೆ ಒರಗಿ ಕೂತಿದ್ದರು. ನಾದಿನಿ ಪ್ರಭಾವತಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ನನ್ನ ಮಗಳು ತಾರಿಣಿ, ಹದಿನೇಳು ವರ್ಷದವಳು, ಅಜ್ಜಿಯ ದಿಂಬನ್ನು ಮಡಿಲಲ್ಲಿಟ್ಟುಕೊಂಡು ಎಲ್ಲರಿಗಿಂತ ಮುಂದೆ ಕೂತಿದ್ದಳು. ಹಿಂದಿನ ದಿನ ಆ ಹೊತ್ತಿನಲ್ಲಿ ಮನೆಯಲ್ಲಿದ್ದವಳು ನಾನೊಬ್ಬಳೇ. ಕೊನೆಯಲ್ಲಿ ಅವರೇನಂದರು ಎಂದು ಬೆಳಗ್ಗಿನಿಂದ ಎಷ್ಟೋ ಜನ ನನ್ನನ್ನು ಕೇಳಿದ್ದರು. “ಮಲಗಿದ್ದ ಹಾಗೇ ಹೋಗಿಬಿಟ್ಟರು” ಎಂದಿದ್ದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ನಾಲ್ಕೂ ಹತ್ತಕ್ಕೆ ಅತ್ತೆಯ ದನಿ ಬಂತು. “ವನಮಾಲಾ, ನೀರು ಕೊಡು.”

ಪ್ರಭಾವತಿ ಬಿಕ್ಕಿದಳು. ಪಕ್ಕದವರು ಅವಳ ಕೈ ಹಿಡಿದರು. “ವನಮಾಲಾ, ನೀರು ಕೊಡೇ.” ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ಸಣ್ಣಗೆ, “ನೀರು.”

ಆಮೇಲೆ ನನ್ನ ದನಿ ಬಂತು. ನನ್ನದೆಂದು ಮೊದಲು ನನಗೇ ಗೊತ್ತಾಗಲಿಲ್ಲ. ನಾಲಗೆ ದಪ್ಪವಾಗಿ, ಪದಗಳು ಒಂದಕ್ಕೊಂದು ಅಂಟಿಕೊಂಡಿದ್ದವು. “ಇರೇ ಮುದುಕಿ. ಇಡೀ ದಿನ ನೀರು, ನೀರು. ಕುಡಿದು ಏನ್ಮಾಡ್ತೀಯ? ಸ್ವಲ್ಪ ಬಾಯಿ ಮುಚ್ಕೊಂಡಿರು.” ಅದಾದ ಮೇಲೆ ನಾನು ನಕ್ಕಿದ್ದು ಕೇಳಿತು. ಮತ್ತೆ ಯಾರ ದನಿಯೂ ಬರಲಿಲ್ಲ.

ಯಾರೂ ನನ್ನ ಕಡೆ ತಿರುಗಲಿಲ್ಲ. ನಮ್ಮೂರಿನವರು ಅಷ್ಟರಮಟ್ಟಿಗೆ ಸಭ್ಯರು. ಒಬ್ಬೊಬ್ಬರಾಗಿ ಎದ್ದು, ಸೀರೆ ಕೊಡವಿಕೊಂಡು, ಚಪ್ಪಲಿ ಹುಡುಕಿಕೊಂಡು ಹೋದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದೆ. ಐದೂವರೆಗೆ, ಖಾಲಿ ಜಮಖಾನೆಗಳ ಮೇಲೆ, ಹಿಂದಿನ ದಿನ ಕಾಲೇಜಿನಿಂದ ಬಂದ ತಾರಿಣಿಯ ದನಿ ಬಂತು. “ಅಜ್ಜೀ? ಅಜ್ಜೀ? ಅಮ್ಮಾ, ಎದ್ದೇಳು, ಅಜ್ಜಿ ನೋಡು.” ಎದ್ದೇಳು ಎಂದು ಅವಳು ನನ್ನನ್ನು ಆರು ಸಲ ಕರೆದಿದ್ದಳು.

ಕುಡಿಯುವ ಹೆಂಗಸು ಎಂದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ನಾನು ರವಿಕೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು, ಗಿರಾಕಿಗಳ ಕಂಕುಳಿನ ಅಳತೆಯಿಂದ ಹಿಡಿದು ಮನೆಯ ಕಷ್ಟದವರೆಗೆ ಎಲ್ಲ ಬಲ್ಲವಳು. ತಾರಿಣಿ ಹುಟ್ಟಿದಾಗ ಬಾಣಂತನದಲ್ಲಿ ನನ್ನ ತಾಯಿ ಶೀತವಾಗಬಾರದೆಂದು ದಿನಾ ಎರಡು ಚಮಚ ಬ್ರಾಂದಿ ಕೊಡುತ್ತಿದ್ದಳು. ಆಮೇಲೆ ಹದಿಮೂರು ವರ್ಷ ಅದರ ನೆನಪೇ ಇರಲಿಲ್ಲ. ಗರ್ಭಕೋಶ ತೆಗೆಸಿದ ಮೇಲೆ ಸೊಂಟ ಹಿಡಿದುಕೊಂಡು, ನಿದ್ದೆ ಬಾರದೆ ಮಲಗಿದ್ದಾಗ ಆ ಎರಡು ಚಮಚ ನೆನಪಾಯಿತು. ಅದೇ ವರ್ಷ ಅತ್ತೆ ಹಾಸಿಗೆ ಹಿಡಿದರು. ಅವರನ್ನು ಎತ್ತಿ ಕೂರಿಸುವುದು, ಒರೆಸುವುದು, ಮತ್ತೆ ಮಷಿನ್ ಮುಂದೆ ಕೂರುವುದು. ಚಮಚ ಲೋಟವಾಯಿತು. ಬಾಟಲಿಗಳನ್ನು ಚಿಂದಿ ಬಟ್ಟೆಯ ಮೂಟೆಯಲ್ಲಿ ಇಡುತ್ತಿದ್ದೆ. ಕಷ್ಟ ಇದ್ದದ್ದಕ್ಕೆ ಕುಡಿದೆ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅಷ್ಟೇ ಕಷ್ಟ ಇದ್ದ ಎಷ್ಟೋ ಹೆಂಗಸರ ಅಳತೆ ನನ್ನ ಪುಸ್ತಕದಲ್ಲಿದೆ, ಅವರು ಕುಡಿಯಲಿಲ್ಲ.

ಕುಡಿದಾಗ ಆಡಿದ್ದು ನನಗೆ ನೆನಪಿರುತ್ತಿರಲಿಲ್ಲ. ಬೇರೆ ಊರಿನಲ್ಲಾದರೆ ಅದು ಒಂದು ಸವಲತ್ತು. ನಮ್ಮಲ್ಲಿ ಮರುದಿನ ಅದೇ ಹೊತ್ತಿಗೆ ಎಲ್ಲವೂ ಬರುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ನಾನು ಮಷಿನ್ ಮುಂದೆ ಕೂತು, ಬಟ್ಟೆ ಇರಲಿ ಇಲ್ಲದಿರಲಿ, ಜೋರಾಗಿ ತುಳಿಯುತ್ತಿದ್ದೆ. ಕಟಕಟ ಸದ್ದಿನಲ್ಲಿ ನನ್ನ ದನಿ ಮುಚ್ಚಿಹೋಗುತ್ತಿತ್ತು. ಮನೆಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಅತ್ತೆ ಮಾತ್ರ ಒಮ್ಮೆ ಅಂದಿದ್ದರು, “ಸೂಜಿ ಮುರಿಯುತ್ತೆ ಕಣೇ, ನಿಧಾನಕ್ಕೆ ತುಳಿ.”

ಹದಿಮೂರನೆಯ ದಿನದ ಕಾರ್ಯ ಮುಗಿಸಿ ಹೊರಟ ಪ್ರಭಾವತಿ, ಗೇಟಿನಾಚೆ ರಸ್ತೆಯಲ್ಲಿ ನಿಂತು ನನ್ನನ್ನು ಕರೆದಳು. ಹೇಳುವುದನ್ನು ಮನೆಯೊಳಗೆ ಹೇಳದೆ ಹೊರಗೆ ಹೇಳಿದಳಲ್ಲ, ಅಷ್ಟು ಮರ್ಯಾದೆ ಕೊಟ್ಟಳು.

“ಅತ್ತಿಗೆ, ನಮ್ಮಮ್ಮ ಕೇಳಿದ್ದು ನೀರು. ಹಾಲಲ್ಲ, ತುಪ್ಪ ಅಲ್ಲ.”

ಅವಳು ತಾರಿಣಿಯ ಭುಜ ಹಿಡಿದು, “ಪಿಯುಸಿ ಮುಗಿಯೋತನಕ ನಮ್ಮನೇಲಿರು ಬಾರಮ್ಮ” ಎಂದಳು.

“ಅಜ್ಜಿ ಇದ್ದ ಮನೆ ಬಿಟ್ಟು ಬರಲ್ಲ ಅತ್ತೆ,” ಎಂದಳು ತಾರಿಣಿ. ಆಮೇಲೆ ನನ್ನ ಕಡೆ ನೋಡದೆಯೇ, “ಆದ್ರೆ ಅದರೊಳಗೆ ಮಾತಾಡಲ್ಲ. ಅಮ್ಮನ ದನಿ ಜೊತೆ ನನ್ನ ದನಿ ಸೇರ್ಕೊಂಡು ಕೇಳೋದು ಬೇಡ.”

ಹಾಗೆಯೇ ಮಾಡಿದಳು. ಬೆಳಿಗ್ಗೆ ಎದ್ದು, ತಿಂದು, ಗೇಟಿನ ಹೊರಗೆ ಕಾಲಿಟ್ಟ ಮೇಲೆ “ಹೋಗಿಬರ್ತೀನಿ ಅಪ್ಪಾ” ಎನ್ನುತ್ತಿದ್ದಳು. ಒಳಗೆ ಒಂದು ಹೂಂ ಕೂಡ ಇಲ್ಲ. ಅಜ್ಜಿಯೂ ಮೊಮ್ಮಗಳೂ ಸಂಜೆಯೆಲ್ಲ ಹರಟುತ್ತಿದ್ದ ಮನೆ ನಮ್ಮದು. ಮರುದಿನ ಸಂಜೆ ಆ ಹರಟೆಯ ಮೇಲೆ ಹೊಸ ಹರಟೆ ಬಿದ್ದು ಯಾವುದು ಇವತ್ತಿನದು ಯಾವುದು ನಿನ್ನೆಯದು ತಿಳಿಯದೆ ಅವರೇ ನಗುತ್ತಿದ್ದರು. ಈಗ ಆ ಹೊತ್ತಿನಲ್ಲಿ ನನ್ನ ಗಂಡ ಕೆಮ್ಮಿದ್ದು ಮಾತ್ರ ಮರುದಿನ ಕೇಳುತ್ತಿತ್ತು. ಅವಳು ಇನ್ನೊಂದು ಸಲ ಮನೆಯೊಳಗೆ ನನ್ನ ಜೊತೆ ಮಾತಾಡಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ. ಅದನ್ನು ಕೇಳುವ ಬಾಯಿ ನನಗಿರಲಿಲ್ಲ.

ಆಸ್ಪತ್ರೆಗೆ ಹೋಗೋಣ ಎಂದವರು ನನ್ನ ಗಂಡ. ನಮ್ಮೂರಿನ ಆಸ್ಪತ್ರೆಗೆ ಒಳ್ಳೆಯ ಕಟ್ಟಡವಿದೆ, ಆದರೆ ಡಾಕ್ಟರು ಕೂರುವುದು ಅಂಗಳದ ಹೊಂಗೆ ಮರದ ಕೆಳಗೆ. ಒಳಗೆ ಕಾಯಿಲೆ ಹೇಳಿಕೊಂಡರೆ ನಾಳೆಯ ರೋಗಿಗಳಿಗೆ ಕೇಳುತ್ತದೆ. ಹೊರಗೆ ಹೇಳಿದರೆ ಇವತ್ತಿನ ಸಾಲಿನಲ್ಲಿರುವವರಿಗೆ ಕೇಳುತ್ತದೆ. ಅದಕ್ಕಾಗಿ ಸಾಲಿನಲ್ಲಿರುವವರು ಆ ಕಡೆ ತಿರುಗಿ ಗುಂಯ್ ಎನ್ನುತ್ತಾರೆ. ಕಾಂಪೌಂಡರ್ ಚನ್ನಬಸಪ್ಪನ ಅರ್ಧ ಕೆಲಸವೇ ಅದನ್ನು ನೋಡಿಕೊಳ್ಳುವುದು.

“ಏ, ಗುಂಯ್ ಅನ್ರಪ್ಪ, ಅಕ್ಕ ಮಾತಾಡ್ತಾರೆ! ಯಜಮಾನ್ರೇ, ನಿಮ್ಮದು ಕೇಳ್ತಾನೇ ಇಲ್ಲ!”

“ಹಲ್ಲು ಕೀಳಿಸ್ಕೊಂಡು ಬಂದಿದೀನಪ್ಪ, ಗಾಳಿ ಹೋಗುತ್ತೆ.”

“ಗಾಳೀನೇ ಬಿಡಿ, ಪರವಾಗಿಲ್ಲ.”

ಡಾಕ್ಟರ್ ಸಬೀಹಾ ಹೊರಗಿನ ಊರಿನವರು, ನನಗಿಂತ ಚಿಕ್ಕವರು. ಆ ಗುಂಯ್ ಸದ್ದಿಗೆ ಒಗ್ಗಿಹೋಗಿದ್ದರು. ನನ್ನ ಗಂಡ ಹೇಳಲು ಬಾಯಿ ತೆರೆದಾಗ ತಡೆದು, “ಅವರೇ ಹೇಳಲಿ” ಎಂದರು. ನಾನು ಹೊಟ್ಟೆನೋವು ಎಂದೆ. ಅವರು ನನ್ನ ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ ಬೆರಳುಗಳನ್ನು ನೋಡಿದರು.

“ಇವತ್ತು ಬೆಳಿಗ್ಗೆ ಎಷ್ಟು ಕುಡಿದು ಬಂದಿರಿ?”

“ಸ್ವಲ್ಪ. ಕೈ ನಿಲ್ಲಬೇಕಲ್ಲ.”

“ಕುಡಿಯದೆ ಇದ್ದರೆ ಬೆವರು, ನಡುಕ, ವಾಂತಿ?”

“ಹೂಂ. ಸೂಜಿಗೆ ದಾರ ಪೋಣಿಸೋಕಾಗಲ್ಲ.”

“ಹಾಗಾದರೆ ಮನೆಯಲ್ಲಿ ಹಟ ಹಿಡಿದು ಒಂದೇ ಸಲ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಒಂದು ವಾರ ಇಲ್ಲೇ ಇರಿ. ಮೊದಲು ನಡುಕ ಇಳಿಸೋಣ, ಚುಚ್ಚುಮದ್ದು ಕೊಡ್ತೀನಿ. ಆಮೇಲೆ ಆಸೆ ಕುಗ್ಗಿಸೋ ಮಾತ್ರೆ ಇದೆ, ಅದನ್ನ ಶುರು ಮಾಡೋಣ.”

“ಮನಸ್ಸು ಗಟ್ಟಿ ಮಾಡಿದ್ರೆ ಸಾಲದಾ ಡಾಕ್ಟ್ರೇ?” ಎಂದರು ನನ್ನ ಗಂಡ.

“ಸಕ್ಕರೆ ಕಾಯಿಲೆಯವರಿಗೆ ಹಾಗೆ ಹೇಳ್ತೀರಾ?” ಎಂದರು ಡಾಕ್ಟರು. ಸಿಟ್ಟಿನಿಂದಲ್ಲ. ಆದರೆ ನನಗೆ ಸಮಾಧಾನವಾಗಲಿಲ್ಲ. ಸಕ್ಕರೆ ಕಾಯಿಲೆಯವರು ಸಾಯುತ್ತಿರುವವರನ್ನು ಮುದುಕಿ ಎಂದು ಬೈಯುವುದಿಲ್ಲ.

ವಾರ್ಡಿನಲ್ಲಿ ನಾನೊಬ್ಬಳೇ ಇದ್ದೆ. ಮೊದಲ ಎರಡು ದಿನ ಏನು ಮಾತಾಡಿದೆನೋ ತಿಳಿಯದು. ಮೂರನೆಯ ದಿನ ಮಧ್ಯಾಹ್ನ, ಮೈ ಸ್ವಲ್ಪ ಹಿಡಿತಕ್ಕೆ ಬಂದಾಗ, ಹಿಂದಿನ ದಿನದ ನನ್ನ ದನಿ ಕೇಳಿತು. ರವಿಕೆಗೆ ಹುಕ್ಕು ಸಿಕ್ಕಿಸುವ ಕಾಜಾಗಳನ್ನು ಎಣಿಸುತ್ತಿದ್ದೆ. ಒಂದು, ಎರಡು, ಮೂರು, ಐದು. ತಪ್ಪಿ ಮತ್ತೆ ಮೊದಲಿನಿಂದ. ಕ್ಷಮಿಸಿ ಎಂದೋ, ಅತ್ತೆ ಎಂದೋ ಕೇಳಬಹುದೆಂದು ಗಂಟೆಗಟ್ಟಲೆ ಕಿವಿಗೊಟ್ಟು ಕೂತೆ. ಬರೀ ಕಾಜಾ.

ಮನೆಗೆ ಕಳಿಸುವ ದಿನ ಡಾಕ್ಟರು ಮಾತ್ರೆಯ ಪಟ್ಟಿಗಳನ್ನು ಕೈಗಿಟ್ಟು, “ದಿನಾ ಒಂದು, ತಿಂಡಿ ಆದಮೇಲೆ. ಯಾರಾದರೂ ಎದುರಿಗೆ ನಿಂತು ನೋಡಬೇಕು” ಎಂದರು. ನನ್ನ ಗಂಡ ನೀರಿನ ಪಂಪ್‌ಹೌಸಿನಲ್ಲಿ ಕೆಲಸ ಮಾಡುವವರು. ದಿನ ಬಿಟ್ಟು ದಿನ ಡ್ಯೂಟಿ: ಬೆಳಿಗ್ಗೆ ಎಂಟಕ್ಕೆ ಹೋದರೆ ಮರುದಿನ ಬೆಳಿಗ್ಗೆ ಎಂಟಕ್ಕೇ ಬಿಡುವುದು. ಮನೆಯಲ್ಲಿದ್ದ ದಿನ ಅವರೇ ನೀರು ಕೊಟ್ಟು ನುಂಗಿಸುವರು. ಇಲ್ಲದ ದಿನ? ತಾರಿಣಿ ಏಳೂವರೆಗೇ ಕಾಲೇಜಿಗೆ ಹೋಗುತ್ತಿದ್ದಳು. ನಮ್ಮೂರಿನ ಯಾವ ಗಂಡಸಿಗಾದರೂ ಹೊಳೆಯುವ ಉಪಾಯವೇ ಅವರಿಗೂ ಹೊಳೆಯಿತು.

“ಎಂಟೂವರೆಗೆ ಅಡುಗೆಮನೇಲಿ ನಿಂತು ನುಂಗು. ‘ತಗೊಂಡೆ’ ಅಂತ ಗಟ್ಟಿಯಾಗಿ ಹೇಳು. ಮರುದಿನ ಎಂಟೂ ಕಾಲಿಗೆಲ್ಲ ನಾನು ಬಂದಿರ್ತೀನಲ್ಲ, ಕೇಳಿಸ್ಕೋತೀನಿ. ನಾನೇನು ಪೊಲೀಸಾ, ನಿನ್ನ ಬಾಯಿ ತೆರೆಸಿ ನೋಡೋಕೆ?”

ನಮ್ಮೂರಿನಲ್ಲಿ ಹಾಲು ಹಾಕಿದ್ದು, ಬಾಡಿಗೆಯವರಿಗೆ ಬೀಗದ ಕೈ ಕೊಟ್ಟದ್ದು, ಎಲ್ಲದಕ್ಕೂ ಸಾಕ್ಷಿ ನಿನ್ನೆಯೇ. ಹುಟ್ಟಿದಾಗಿನಿಂದ ಗೋಡೆಯನ್ನು ನಂಬಿ ಬೆಳೆದವರು ನಾವು. ಇದು ಸರಿಯಾದ ವ್ಯವಸ್ಥೆ ಎಂದು ನನಗೂ ಅನಿಸಿತು.

ಮೊದಲ ಎರಡೂವರೆ ವಾರ ನಾನು ನಿಜವಾಗಿ ನುಂಗಿದೆ. ಹೊಟ್ಟೆ ತೊಳಸುತ್ತಿತ್ತು, ಆದರೂ ನುಂಗಿದೆ. ಚಿಂದಿ ಮೂಟೆಯ ಕಡೆ ಕೈ ಹೋಗುವುದು ಕಡಿಮೆಯಾಗಿತ್ತು. ಕೈ ನಿಂತಿತು. ಒಂದು ದಿನ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿ, ಯಾರಿಗಾದರೂ ತೋರಿಸಬೇಕೆನಿಸಿ ಸುತ್ತ ನೋಡಿದೆ. ತಾರಿಣಿ ಕಿಟಕಿಯ ಹತ್ತಿರ ಓದುತ್ತಿದ್ದಳು. ಅವಳು ಪುಟ ತಿರುಗಿಸಿದಳು.

ಹದಿನೆಂಟನೆಯ ದಿನ ಕಮಲಾಕ್ಷಿ ಬಂದರು. ಹತ್ತು ವರ್ಷದ ಗಿರಾಕಿ. ಕೊನೆ ಮಾತಿಗೆ ಕೂತವರಲ್ಲಿ ಅವರೂ ಒಬ್ಬರು. ಮಗಳ ಮದುವೆಗೆಂದು ಹೊಲಿಯಲು ಕೊಟ್ಟಿದ್ದ ರೇಷ್ಮೆ ರವಿಕೆ ಖಣಗಳನ್ನು ವಾಪಸು ಕೇಳಿದರು. ಅಂಗಳದಲ್ಲೇ ನಿಂತು, ಬಹಳ ಮೆದುವಾಗಿ, “ಬೇಜಾರು ಮಾಡ್ಕೋಬೇಡಿ ವನಮಾಲಾ. ಶುಭ ಕಾರ್ಯದ ಬಟ್ಟೆ ನೋಡಿ. ನಿಮ್ಮ ಕೈ ಬಗ್ಗೆ ಅಲ್ಲ, ಮನೆ ಬಗ್ಗೆ” ಎಂದರು. ಖಣಗಳನ್ನು ಮಡಿಸಿ ಕೊಟ್ಟೆ. ಮರುದಿನ ನನ್ನ ಗಂಡ ಡ್ಯೂಟಿಗೆ ಹೋದರು. ಎಂಟೂವರೆಗೆ ಅಡುಗೆಮನೆಯಲ್ಲಿ ನಿಂತು, ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, “ತಗೊಂಡೆ ರೀ” ಎಂದೆ. ಆ ಮಾತ್ರೆ ಮಷಿನ್ನಿನ ದಾರ ಸುತ್ತಿಡುವ ಬಾಬಿನ್ ಡಬ್ಬಿಗೆ ಹೋಯಿತು.

ಆ ಕೆಲಸ ಎಷ್ಟು ಸಲೀಸಾಗಿತ್ತೆಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ದನಿ ನಡುಗಲೇ ಇಲ್ಲ. ಆಮೇಲೆ ಅವರು ಮನೆಯಲ್ಲಿದ್ದ ದಿನ ನುಂಗುವುದು, ಇಲ್ಲದ ದಿನ ಡಬ್ಬಿಗೆ ಹಾಕುವುದು. ಹಾಗೆ ಮಾತ್ರೆ ತಪ್ಪಿಸಿದ ಮೂರನೆಯ ದಿನ ಮತ್ತೆ ಕುಡಿದೆ. ಈ ಸಲ ಜಾಣತನ ಬಂದಿತ್ತು. ಮಾತಾಡಿದರೆ ತಾನೇ ನಿನ್ನೆ? ಲೋಟ ಮುಗಿಸಿದ ಮೇಲೆ ರವಿಕೆಯ ಒಳಗೆ ಕೊಡುವ ಅಸ್ತರಿ ಬಟ್ಟೆಯ ಒಂದು ಚೂರನ್ನು ಹಲ್ಲುಗಳ ನಡುವೆ ಕಚ್ಚಿಕೊಂಡು, ಮಷಿನ್‌ಗೆ ಒರಗಿ ಕೂತಿರುತ್ತಿದ್ದೆ. ಬಟ್ಟೆ ಒದ್ದೆಯಾಗುತ್ತಿತ್ತು. ಒಂದು ಪದವೂ ಹೊರಗೆ ಬರುತ್ತಿರಲಿಲ್ಲ. ಸಂಜೆಗೆ ಸ್ನಾನ, ಲವಂಗ, ಅಡುಗೆ.

ಮರುದಿನ ಬೆಳಿಗ್ಗೆ ನನ್ನ ಗಂಡ ಬರುತ್ತಿದ್ದರು. ಪಂಪ್‌ಹೌಸಿನ ಗ್ರೀಸ್ ಕೈಯನ್ನು ತೊಳೆದುಕೊಂಡು ತಟ್ಟೆಯ ಮುಂದೆ ಕೂರುತ್ತಿದ್ದರು, ಆದರೆ ಉಪ್ಪಿಟ್ಟಿಗೆ ಕೈ ಹಾಕುತ್ತಿರಲಿಲ್ಲ. ಎಂಟೂವರೆಗೆ ನನ್ನ ದನಿ “ತಗೊಂಡೆ ರೀ” ಎನ್ನುತ್ತಿತ್ತು. ಆಗ ಅವರು ತಲೆ ಆಡಿಸಿ, ಸಣ್ಣಗೆ ನಕ್ಕು, ಮೊದಲ ತುತ್ತು ಬಾಯಿಗಿಡುತ್ತಿದ್ದರು. ಒಮ್ಮೆ ಬಸ್ಸಿನ ಮುಷ್ಕರವಾಗಿ ಮೂರು ಕಿಲೋಮೀಟರ್ ಓಡೋಡಿ ಬಂದು, ಅಂಗಿಯೆಲ್ಲ ಬೆವರಾಗಿ, ಹೊಸ್ತಿಲಲ್ಲೇ ನಿಂತು ಆ ಮಾತನ್ನು ಕೇಳಿಸಿಕೊಂಡರು. “ಸದ್ಯ, ತಪ್ಪಿಸ್ಕೊಳ್ಳಲಿಲ್ಲ” ಎಂದರು. ನಾನು ಅವರಿಗೆ ನೀರು ಕೊಟ್ಟೆ.

ಡಬ್ಬಿಯನ್ನು ತೆರೆದವಳು ತಾರಿಣಿ. ಯೂನಿಫಾರ್ಮಿನ ತೋಳು ಬಿಚ್ಚಿಹೋಗಿ ನೀಲಿ ದಾರದ ಬಾಬಿನ್ ಹುಡುಕಿದ್ದಳು ಎಂದು ಆಮೇಲೆ ತಿಳಿಯಿತು. ಅವತ್ತು ಅವಳಿಗೆ ಕಾಲೇಜು ರಜೆ. ನನ್ನ ಗಂಡ ಬಂದು ಕೈ ತೊಳೆದು ಕೂತರು. ಅವಳು ಒಲೆಯ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ಎಂಟೂವರೆಗೆ ನನ್ನ ದನಿ ಬಂತು. “ತಗೊಂಡೆ ರೀ.” ಅವರು ತಲೆ ಆಡಿಸಿದರು, ನಕ್ಕರು, ತುತ್ತು ಎತ್ತಿದರು. ತಾರಿಣಿ ಎರಡು ಹೆಜ್ಜೆ ಮುಂದೆ ಬಂದು ಬಾಬಿನ್ ಡಬ್ಬಿಯನ್ನು ತಟ್ಟೆಯ ಪಕ್ಕ ಇಟ್ಟು ಮುಚ್ಚಳ ತೆಗೆದಳು.

ಹನ್ನೊಂದು ಮಾತ್ರೆಗಳಿದ್ದವು. ನೀಲಿ, ಕೆಂಪು, ಹಳದಿ ದಾರಗಳ ನಡುವೆ.

ಅವರು ಡಬ್ಬಿಯನ್ನು ನೋಡಿದರು. ಆಮೇಲೆ ಗೋಡೆಯನ್ನು ನೋಡಿದರು. ತುತ್ತು ಕೈಯಲ್ಲೇ ಇತ್ತು.

“ಗೋಡೆ ಸುಳ್ಳು ಹೇಳ್ತಾ?” ಎಂದರು. ನಿಜವಾಗಿಯೇ ಕೇಳುತ್ತಿದ್ದರು. ಐವತ್ತು ವರ್ಷದ ಮನುಷ್ಯ, ಚಿಕ್ಕ ಹುಡುಗನ ಹಾಗೆ.

ಹಿತ್ತಿಲಿಗೆ ಹೋಗಿ ಮಾತಾಡೋಣ ಎನ್ನಬಹುದಿತ್ತು. ನಮ್ಮಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ.

“ಗೋಡೆ ಅಲ್ಲ, ನಾನು,” ಎಂದೆ.

ಅವರು ತುತ್ತನ್ನು ತಟ್ಟೆಗೆ ಬಿಟ್ಟು ಕೈ ತೊಳೆದು ಎದ್ದರು. ತಾರಿಣಿ ಡಬ್ಬಿಯಿಂದ ನೀಲಿ ಬಾಬಿನ್ ಒಂದನ್ನು ಮಾತ್ರ ತೆಗೆದುಕೊಂಡು ಕೋಣೆಗೆ ಹೋದಳು. ಮರುದಿನ ಅವರಿಬ್ಬರೂ ಇಲ್ಲದಾಗ, ಎಂಟೂವರೆಗೆ, ನಾನೊಬ್ಬಳೇ ಅಡುಗೆಮನೆಯಲ್ಲಿ ನಿಂತು ಅದನ್ನು ಮತ್ತೆ ಕೇಳಿದೆ. ಮಷಿನ್ ತುಳಿಯಲಿಲ್ಲ. ಕೇಳಿಸಿಕೊಂಡು, ಸೀರೆ ಬದಲಿಸಿ, ಆಸ್ಪತ್ರೆಗೆ ಹೊರಟೆ. ಈ ಸಲ ಒಬ್ಬಳೇ.

“ಗುಂಯ್ ಅನ್ರಪ್ಪ!” ಎಂದು ಚನ್ನಬಸಪ್ಪ ಸಾಲಿಗೆ ಹೇಳಿದ. ಡಾಕ್ಟರಿಗೆ ಹೇಳಿದೆ, ಮಾತ್ರೆ ಬಿಟ್ಟೆ, ಕುಡಿದೆ. ಬೈಯುತ್ತಾರೆಂದು ಕಾದೆ. ಅವರು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಹೊಟ್ಟೆಯ ಬಲಭಾಗ ಒತ್ತಿದರು, ನಿನ್ನೆ ಎಷ್ಟು, ಮೊನ್ನೆ ಎಷ್ಟು ಎಂದು ಕೇಳಿ ಬರೆದುಕೊಂಡರು.

“ಯಾಕೆ ಬಿಟ್ಟಿರಿ?”

“ಹೊಟ್ಟೆ ತೊಳಸ್ತಿತ್ತು.”

“ಅದಕ್ಕೆ ದಾರಿ ಇದೆಯಲ್ಲ. ಅರ್ಧದಿಂದ ಶುರು ಮಾಡಬಹುದು, ಬೇರೆ ಮಾತ್ರೆಯೂ ಇದೆ. ಮತ್ತೆ ಕುಡಿದಿರಿ ಅಂದರೆ ಚಿಕಿತ್ಸೆ ಮುಗೀತು ಅಂತಲ್ಲ. ಈ ಕಾಯಿಲೆಯಲ್ಲಿ ಹೀಗಾಗುತ್ತೆ. ನೀವು ಹೇಳಿದ್ದರೆ ನಾನು ಅವತ್ತೇ ಬದಲಿಸ್ತಿದ್ದೆ. ಗೊತ್ತಿಲ್ಲದ್ದಕ್ಕೆ ನಾನೇನು ಔಷಧ ಕೊಡಲಿ?”

ತಲೆ ಆಡಿಸಿ ಎದ್ದೆ. ನಾಲ್ಕು ಹೆಜ್ಜೆ ಹೋಗಿ, ಮರದ ನೆರಳು ದಾಟುವ ಮೊದಲು ತಿರುಗಿ ಬಂದೆ. ಸಾಲಿನವರು ನನ್ನದು ಮುಗಿಯಿತೆಂದು ಗುಂಯ್ ನಿಲ್ಲಿಸಿದ್ದರು.

“ಹೊಟ್ಟೆ ತೊಳಸಿದ್ದಕ್ಕಲ್ಲ ಡಾಕ್ಟ್ರೇ,” ಎಂದೆ. “ಅವತ್ತು ನನಗೆ ಕುಡೀಬೇಕಾಗಿತ್ತು. ಮಾತ್ರೆ ನುಂಗಿದ್ರೆ ಕುಡಿದದ್ದು ಏರಲ್ಲ ಅಂತ ನುಂಗಲಿಲ್ಲ.”

ಎಲ್ಲರಿಗೂ ಕೇಳಿತು. ಹಲ್ಲಿಲ್ಲದ ಯಜಮಾನರೊಬ್ಬರು ತಡವಾಗಿ, ಒಬ್ಬರೇ, ಗುಂಯ್ ಎಂದು ಶುರುಮಾಡಿದರು.

ಡಾಕ್ಟರ್ ಸಬೀಹಾ ಪೆನ್ನು ಕೆಳಗಿಟ್ಟರು. “ಕೂತ್ಕೊಳ್ಳಿ,” ಎಂದರು. “ಈಗ ಚಿಕಿತ್ಸೆ ಶುರು ಮಾಡೋಣ.”

ಮತ್ತೆ ನಾಲ್ಕು ದಿನ ವಾರ್ಡು. ಆಮೇಲೆ ಅವರು ಹೊಸ ಏರ್ಪಾಟು ಮಾಡಿದರು. ನನ್ನ ಗಂಡ ಗೋಡೆ ಕೇಳುವುದು ಬೇಡ. ತಾರಿಣಿ ನೋಡಿಕೊಳ್ಳಲಿ ಎಂದು ನಾನು ಹೇಳಿದಾಗ, “ಮಗಳನ್ನ ಕಾವಲಿಗೆ ಹಾಕಬೇಡಿ. ಅವಳಿಗೆ ಬೇರೆ ಕೆಲಸವಿದೆ, ಓದೋದು” ಎಂದರು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯ ಅಂಗಳದಲ್ಲಿ, ಚನ್ನಬಸಪ್ಪನ ಎದುರಿಗೆ ನುಂಗಬೇಕು. ಬಯಲಿನಲ್ಲಿ ಆಡಿದ್ದು ಮರಳಿ ಬರುವುದಿಲ್ಲ, ಆದ್ದರಿಂದ ದಿನಾ ನಾನೇ ಹೋಗಬೇಕು. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಗುರುವಾರಗಳಂದು ಡಾಕ್ಟರು ಸಾಲು ಮುಗಿಸಿದ ಮೇಲೆ ಅರ್ಧ ಗಂಟೆ ನನ್ನ ಜೊತೆ ಮಾತಾಡುತ್ತಿದ್ದರು. ಯಾವ ಹೊತ್ತಿನಲ್ಲಿ ಕೈ ಮೂಟೆಯ ಕಡೆ ಹೋಗುತ್ತದೆ, ಆಗ ಏನು ಮಾಡಬಹುದು, ಇಂಥ ಸಣ್ಣ ಸಣ್ಣ ವಿಷಯ. ಮೂಟೆಯನ್ನೇ ಬಿಸಾಡಿ ಎಂದರು. ಬಿಸಾಡಿದೆ.

“ಆ ಅನ್ನಿ ಅಕ್ಕ,” ಎನ್ನುತ್ತಿದ್ದ ಚನ್ನಬಸಪ್ಪ. “ನಾಲಗೆ ಎತ್ತಿ. ಹಾಂ, ಹೋಯ್ತು.”

ನಾನು ಒಂದು ಮಾತೂ ಆಡದಿದ್ದರೂ ಸಾಲಿನವರು ಅಭ್ಯಾಸಬಲದಿಂದ ಗುಂಯ್ ಎನ್ನುತ್ತಿದ್ದರು. ಹೊಸಬರೊಬ್ಬರು ಒಮ್ಮೆ ಕೇಳಿದರು, “ಏನು ಮಾತ್ರೆ ತಾಯಿ, ಬಿಪಿದಾ?”

“ಕುಡಿತದ್ದು,” ಎಂದೆ. ಅವರು ಗಾಬರಿಯಾಗಿ ತುಂಬ ಜೋರಾಗಿ ಗುಂಯ್ ಎಂದರು. ಆ ದಿನ ಮನೆಯವರೆಗೂ ನನ್ನ ಕಿವಿ ಬಿಸಿಯಾಗಿತ್ತು. ಮರುದಿನವೂ ಹೋದೆ. ಅಭ್ಯಾಸವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಮಾತ್ರೆ ಅಭ್ಯಾಸವಾಯಿತು, ಅಂಗಳ ಆಗಲಿಲ್ಲ. ಗೇಟಿನ ಹತ್ತಿರ ಬಂದಾಗ ಈಗಲೂ ಸೆರಗು ಹೊದೆಯುತ್ತೇನೆ.

ನನ್ನ ಗಂಡ ಆ ಬೆಳಗಿನ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ಆದರೆ ಎಂಟೂವರೆಗೆ ತಟ್ಟೆಯ ಮುಂದೆ ಕೂತಿದ್ದರೆ ಅವರ ಕೈ ತಾನಾಗಿ ಒಂದು ಕ್ಷಣ ನಿಲ್ಲುತ್ತದೆ. ಏನೂ ಕೇಳುವುದಿಲ್ಲ. ಆಮೇಲೆ ತಿನ್ನುತ್ತಾರೆ.

ಹೀಗೆ ಏಳು ತಿಂಗಳು. ತಾರಿಣಿಯ ಪರೀಕ್ಷೆ ಮುಗಿದು ರಜೆ ಬಂತು. ಮನೆಯೊಳಗೆ ಅವಳ ಮೌನ ಹಾಗೆಯೇ ಇತ್ತು. ಸಂಜೆ ನಾಲ್ಕರ ಸುಮಾರಿಗೆ ನಡುಮನೆಯಲ್ಲಿ ನಾವ್ಯಾರೂ ಇರುತ್ತಿರಲಿಲ್ಲ. ಅದು ಯಾರೂ ಹೇಳಿ ಮಾಡಿದ ನಿಯಮವಲ್ಲ. ಆ ಹೊತ್ತಿಗೆ ನಾನು ಮೆಟ್ಟಿಲ ಮೇಲೆ ಕೂತು ಹುಕ್ಕು ಹಾಕುತ್ತಿದ್ದೆ. ಒಂದು ದಿನ ಬಿಸಿಲು ಜೋರಾಗಿತ್ತು. ಒಳಗೇ, ಮುಂದಿನ ಕೋಣೆಯಲ್ಲಿ, ಒಂದು ರವಿಕೆಯ ಅಂಚು ಹೊಲಿಯುತ್ತಿದ್ದೆ. ತಾರಿಣಿ ನಡುಮನೆಗೆ ಹೋಗಿ ಅಜ್ಜಿಯ ಬರಿ ಮಂಚದ ಮೇಲೆ ಕೂತದ್ದು ಬಾಗಿಲಿನಿಂದ ಕಂಡಿತು. ಗೋಡೆಯ ಗಡಿಯಾರ ನೋಡುತ್ತಿದ್ದಳು.

“ನೀರು ಕೊಡು,” ಎಂದಳು.

ಒಂಬತ್ತು ತಿಂಗಳಾದ ಮೇಲೆ ಆ ಮನೆಯೊಳಗೆ ಅವಳ ದನಿ. ಪ್ರೀತಿಯಿಂದ ಕೇಳಿದ್ದಲ್ಲ. ಅಮ್ಮಾ ಎಂದೂ ಅನ್ನಲಿಲ್ಲ. ಪರೀಕ್ಷೆಯ ಮೇಲ್ವಿಚಾರಕರು ಕಾಗದ ಕೊಡಿ ಎನ್ನುವ ದನಿ. ಅವಳು ಗಡಿಯಾರ ನೋಡಿಯೇ ಕೇಳಿದಳೆಂದು ನನಗೆ ಗೊತ್ತಿತ್ತು. ನಾಲ್ಕೂ ಹತ್ತು.

ಸೂಜಿ ಎಲ್ಲಿ ಬಿದ್ದಿತೋ ನೋಡಲಿಲ್ಲ. ಅಡುಗೆಮನೆಗೆ ಹೋಗಿ ಮಡಕೆಯಿಂದ ಲೋಟಕ್ಕೆ ನೀರು ತುಂಬಿಸಿದೆ. ಅವಸರದಲ್ಲಿ ಅರ್ಧ ನೆಲಕ್ಕೆ ಚೆಲ್ಲಿತು, ಮತ್ತೆ ತುಂಬಿಸಿದೆ. ತಂದು ಅವಳ ಮುಂದೆ ಹಿಡಿದೆ. ಏನೇನೋ ಹೇಳಬೇಕೆಂದಿತ್ತು.

“ತಗೋ,” ಎಂದೆ.

ಅವಳು ಪೂರ್ತಿ ಕುಡಿದು ಲೋಟವನ್ನು ನನ್ನ ಕೈಗೆ ಕೊಟ್ಟಳು. ಮುಖ ನೋಡಲಿಲ್ಲ. ನಾನು ಲೋಟ ತೊಳೆಯಲು ಅಡುಗೆಮನೆಗೆ ಹೋದೆ. ಬೇಕೆಂದೇ ನಿಧಾನವಾಗಿ ತೊಳೆದೆ. ಹಿಂತಿರುಗಿದಾಗ ಮಂಚದ ಮೇಲೆ ಯಾರೂ ಇರಲಿಲ್ಲ. ಅವಳು ಹೊರಗೆ ಹೋಗಿದ್ದಳು.

ಮರುದಿನ ಮೂರೂ ಮುಕ್ಕಾಲಿಗೇ ನಡುಮನೆಯಲ್ಲಿ ಕೂತೆ. ಕೊನೆ ಮಾತಿಗೆ ಕೂತವರ ಹಾಗೆ, ಮಂಚದ ಕಡೆ ಮುಖ ಮಾಡಿ, ನೆಲದ ಮೇಲೆ. ಜಮಖಾನೆ ಹಾಸಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ. ನಾಲ್ಕೂ ಹತ್ತಕ್ಕೆ ಅವಳ ದನಿ ಬಂತು. “ನೀರು ಕೊಡು.” ಹಿಂದಿನ ದಿನಕ್ಕಿಂತಲೂ ಗಡುಸಾಗಿ ಕೇಳಿಸಿತು. ನಾನು ನೀರು ಚೆಲ್ಲಿ ಮತ್ತೆ ತುಂಬಿಸಿದಷ್ಟು ಹೊತ್ತು ಏನೂ ಇಲ್ಲ. ಆ ಹೊತ್ತು ಎಷ್ಟು ಉದ್ದವಾಗಿತ್ತೆಂದು ಕಾಯುವವರ ಜಾಗದಲ್ಲಿ ಕೂತಾಗ ತಿಳಿಯಿತು. ಆಮೇಲೆ ನನ್ನ ದನಿ. “ತಗೋ.” ನಾಲಗೆ ದಪ್ಪವಿರಲಿಲ್ಲ. ಸಾಮಾನ್ಯ ಹೆಂಗಸಿನ ಸಾಮಾನ್ಯ ದನಿ.

ಮುಗಿಯಿತೆಂದು ಏಳಲು ನೆಲಕ್ಕೆ ಕೈ ಊರಿದೆ. ಆಗ ಇನ್ನೊಂದು ಮಾತು ಬಂತು. ತೀರ ಸಣ್ಣಗೆ, ಮಂಚದ ತಲೆಭಾಗದ ಕಡೆಯಿಂದ. ನಾನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಾಗ ಆಡಿದ್ದಿರಬೇಕು.

“ಅಜ್ಜೀ,” ಎಂದಳು ತಾರಿಣಿ, ಪಿಸುಮಾತಿನಲ್ಲಿ. “ಕೊಟ್ಲು ಕಣೇ.”

ಅಳು ಒತ್ತರಿಸಿ ಬಂತು. ಅಳುವವರು ಹಿತ್ತಿಲಿಗೆ ಹೋಗಬೇಕು. ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಿಲ ಬಾಗಿಲವರೆಗೆ ಹೋದೆ, ಅಗುಳಿ ತೆಗೆದೆ. ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದೇನೆಂದು ಆಗ ಗಮನಕ್ಕೆ ಬಂತು. ಅಸ್ತರಿ ಚೂರಿನ ರುಚಿ ನೆನಪಾಯಿತು. ಸೆರಗನ್ನು ಕೆಳಗೆ ಬಿಟ್ಟು, ಅಗುಳಿ ಮತ್ತೆ ಹಾಕಿ, ವಾಪಸು ಬಂದು ಮಂಚದ ಪಕ್ಕ ಕೂತೆ. ನಾಳೆ ಈ ಹೊತ್ತಿಗೆ ಅವಳು ಮನೆಯಲ್ಲಿದ್ದರೆ ಕೇಳಲಿ ಎಂದು, ಅಲ್ಲಿಯೇ, ದನಿ ಬಿಟ್ಟು ಅತ್ತೆ.